ಮೆಚ್ಚುಗೆಯ ಶ್ರೇಣೀಕರಣ: ವಿಜಯಪುರ ಪರಿಸರದ ಚಲನಚಿತ್ರ ಪ್ರೇಕ್ಷಕರು ಮತ್ತು ಜನಪದ ಮೌಲ್ಯನಿರ್ಣಯ

ಪ್ರವೇಶ

ಸಾರ್ವಕಾಲಿಕ ಶ್ರೇಷ್ಠ ಚಲನಚಿತ್ರಗಳ ಪಟ್ಟಿಯನ್ನು ಸಿದ್ಧಪಡಿಸುವುದು ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಒಂದು ಸಾಂಸ್ಥಿಕ ರೂಢಿಯಾಗಿ ಬೆಳೆದು ಬಂದಿದೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಇಂತಹ ಮತಸಂಗ್ರಹವನ್ನು ನಡೆಸುತ್ತಿದೆ. ಭಾರತದಲ್ಲಿ ಅಂತರರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತ ಘಟಕವು 2022ರಲ್ಲಿ ತನ್ನ 30 ಸದಸ್ಯರ ನಡುವೆ ಗುಪ್ತ ಮತದಾನ ನಡೆಸಿ ಹತ್ತು ಚಿತ್ರಗಳನ್ನು ಆಯ್ದಿತು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಮೊದಲನೆಯ ಸ್ಥಾನ ಪಡೆದ ಆ ಪಟ್ಟಿಯಲ್ಲಿ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಐದನೆಯದು; ‘ಶೋಲೆ’ (1975) ಹತ್ತನೆಯದು.

ಇಂತಹ ಪಟ್ಟಿಗಳು ವಿಮರ್ಶಕರ ಅಭಿರುಚಿಯನ್ನು ದಾಖಲಿಸುತ್ತವೆ. ಆದರೆ ಚಲನಚಿತ್ರವನ್ನು ನೋಡಿ, ಹಾಡಿ, ಅದರ ಮಾತುಗಳನ್ನು ಮತ್ತೆ ಮತ್ತೆ ಆಡಿ, ಅದನ್ನು ತನ್ನ ಬದುಕಿನ ಭಾಗವನ್ನಾಗಿ ಮಾಡಿಕೊಂಡ ಸಾಮಾನ್ಯ ಪ್ರೇಕ್ಷಕ ಸಮುದಾಯಕ್ಕೂ ಮೇಲು-ಕೀಳುಗಳ ನಿರ್ಣಯವಿದೆ. ಅದು ಬರಹದಲ್ಲಿಲ್ಲ, ಮೌಖಿಕವಾಗಿದೆ. ವಿಜಯಪುರ ನಗರ ಹಾಗೂ ಅದರ ಪಶ್ಚಿಮ ಮತ್ತು ನೈರುತ್ಯದ ತಿಕೋಟಾ, ಬಬಲೇಶ್ವರ ಭಾಗಗಳನ್ನು ಗಮನದಲ್ಲಿಟ್ಟುಕೊಂಡು ಆ ನಿರ್ಣಯದ ಸ್ವರೂಪ, ಅದರ ಹಿಂದಿನ ಜನಪದ ಪರಂಪರೆ ಮತ್ತು ಅದನ್ನು ದಾಖಲಿಸುವ ವಿಧಾನವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ: ಗಡಿಭಾಗದ ಅಭಿರುಚಿ

ವಿಜಯಪುರ ಜಿಲ್ಲೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆಗಿನ ಬಿಜಾಪುರ ಜಿಲ್ಲೆಯಿಂದ 1997ರಲ್ಲಿ ಬಾಗಲಕೋಟೆ ಬೇರ್ಪಟ್ಟಿತು. 2014ರಲ್ಲಿ ಬಿಜಾಪುರ ಎಂಬ ಹೆಸರು ವಿಜಯಪುರವೆಂದಾಯಿತು. ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದ ತಿಕೋಟಾ ಮತ್ತು ಬಬಲೇಶ್ವರ ಈಗ ಪ್ರತ್ಯೇಕ ತಾಲ್ಲೂಕುಗಳು. ತಿಕೋಟಾದ ಆಚೆಗೆ ಅಥಣಿ ಮತ್ತು ಮಹಾರಾಷ್ಟ್ರದ ಜತ್ತ, ಬಬಲೇಶ್ವರದ ಆಚೆಗೆ ಕೃಷ್ಣಾತೀರ ಮತ್ತು ಜಮಖಂಡಿಯ ಸೀಮೆ. ಈ ಭೂಗೋಳವೇ ಇಲ್ಲಿಯ ಪ್ರೇಕ್ಷಕರ ಭಾಷಾಪರಿಸರವನ್ನು ರೂಪಿಸಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕನ್ನಡದೊಡನೆ ದಖನಿ ಉರ್ದು, ಪಂಢರಪುರದ ವಾರಿಯಲ್ಲಿ ಮರಾಠಿ ಅಭಂಗ ಎಂಬ ಸಂಯುಕ್ತ ಸ್ಥಿತಿ ಇಲ್ಲಿ ಸಹಜವಾದುದು.

ಚಲನಚಿತ್ರ ನಿರ್ಮಾಣದ ಆರಂಭಕಾಲದ ಒಂದು ಮುಖ್ಯ ಕೇಂದ್ರವಾದ ಕೊಲ್ಲಾಪುರವು ವಿಜಯಪುರಕ್ಕೆ ಬೆಂಗಳೂರಿಗಿಂತ ಬಹಳ ಹತ್ತಿರದ್ದು. ಪ್ರಭಾತ್ ಸಂಸ್ಥೆ 1929ರಲ್ಲಿ ಅಲ್ಲಿಯೇ ಹುಟ್ಟಿ 1933ರಲ್ಲಿ ಪುಣೆಗೆ ಹೋಯಿತು. ಅದರ ‘ಸಂತ ತುಕಾರಾಮ’ (1936) 1937ರ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಚಿತ್ರೀಕರಣಗೊಂಡದ್ದೂ ಕೊಲ್ಲಾಪುರದಲ್ಲಿಯೇ. ಆದ್ದರಿಂದ ಈ ಭಾಗದಲ್ಲಿ ‘ಮೆಚ್ಚಿನ ಚಿತ್ರ’ ಎಂದಾಗ ಅದು ಕನ್ನಡ ಚಿತ್ರವೇ ಆಗಿರಬೇಕೆಂಬ ನಿಯಮವಿಲ್ಲ. ಭಾಷೆಗೊಂದರಂತೆ ಪಟ್ಟಿ ಮಾಡುವ ಪದ್ಧತಿಯು ಇಲ್ಲಿಯ ಪ್ರೇಕ್ಷಕನ ಅನುಭವವನ್ನು ತುಂಡು ಮಾಡುತ್ತದೆ ಎಂಬುದನ್ನು ಆರಂಭದಲ್ಲಿಯೇ ಗಮನಿಸಬೇಕು.

ಸವಾಲು-ಜವಾಬು: ಶ್ರೇಷ್ಠತೆಯ ವಾದದ ಪರಂಪರೆ

ಎರಡು ವಸ್ತುಗಳನ್ನು ಎದುರುಬದುರು ನಿಲ್ಲಿಸಿ ಯಾವುದು ಹೆಚ್ಚು ಎಂದು ಸಭೆಯ ಮುಂದೆ ವಾದಿಸುವ ಕ್ರಮ ಈ ನೆಲಕ್ಕೆ ಚಲನಚಿತ್ರದಿಂದ ಬಂದದ್ದಲ್ಲ. ಹರದೇಶಿ-ನಾಗೇಶಿ ಗೀಗೀ ಮೇಳಗಳ ಸವಾಲು-ಜವಾಬು ಇದರ ಉತ್ತಮ ನಿದರ್ಶನ. ಹರದೇಶಿಯವರು ಶಿವನ, ಅಂದರೆ ಪುರುಷನ ಹಿರಿಮೆಯನ್ನೂ ನಾಗೇಶಿಯವರು ಶಕ್ತಿಯ, ಅಂದರೆ ಹೆಣ್ಣಿನ ಹಿರಿಮೆಯನ್ನೂ ಪ್ರತಿಪಾದಿಸುತ್ತಾರೆ. ದಪ್ಪು, ತುಂತುಣಿ, ತಾಳಗಳೊಡನೆ ಬೆಳತನಕ ನಡೆಯುವ ಈ ಹಾಡುಗಾರಿಕೆಯಲ್ಲಿ ಒಂದು ಮೇಳ ಒಡ್ಡಿದ ಪ್ರಶ್ನೆಗೆ ಇನ್ನೊಂದು ಮೇಳ ಪದದಲ್ಲಿಯೇ ಉತ್ತರ ಕೊಡಬೇಕು. ಹಾಡುಗಾರರ ಪಾಂಡಿತ್ಯವನ್ನು ಅಳೆಯುವವರು ಸುತ್ತ ಕುಳಿತ ಜನರೇ.

ಈ ಜಿಲ್ಲೆಯ ಹಲಸಂಗಿಯು ಲಾವಣಿಗೆ ಹೆಸರಾದ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು, ಲಾವಣಿಗಳನ್ನೂ ಸಂಗ್ರಹಿಸಿದರು. ಹಾಡಿನ ಲೋಕದಲ್ಲಿ ಅವರು ತೋರಿದ ಎಚ್ಚರವನ್ನು ಪ್ರೇಕ್ಷಕನ ಮಾತಿನ ಲೋಕಕ್ಕೂ ವಿಸ್ತರಿಸುವ ಕೆಲಸ ಇನ್ನೂ ಆಗಬೇಕಾಗಿದೆ. ಅಗಸಿಯ ಕಟ್ಟೆಯ ಮೇಲೆ, ಚಹಾದ ಅಂಗಡಿಯಲ್ಲಿ, ಜಾತ್ರೆಯ ಬಯಲಿನಲ್ಲಿ ಚಿತ್ರಗಳನ್ನು ಕುರಿತು ನಡೆಯುವ ವಾದವು ಸವಾಲು-ಜವಾಬಿನ ರಾಚನಿಕ ಲಕ್ಷಣಗಳನ್ನೇ ಹೊಂದಿದೆ. ಪಕ್ಷ ಹಿಡಿಯುವುದು, ಎದುರಾಳಿಯ ಚಿತ್ರದ ಕೊರತೆಯನ್ನು ಎತ್ತುವುದು, ತನ್ನ ಚಿತ್ರದ ಪ್ರಸಂಗವೊಂದನ್ನು ಅಭಿನಯಿಸಿ ತೋರಿಸುವುದು, ಕೊನೆಗೆ ಕೇಳುಗರ ಒಪ್ಪಿಗೆಗೆ ಬಿಡುವುದು ಇದರ ಕ್ರಮ.

ಜನಪದ ನಿರ್ಣಯದ ಮಾನದಂಡಗಳು

ಸಮುದಾಯವು ಒಂದು ಚಿತ್ರವನ್ನು ಮೇಲಿನ ಸ್ಥಾನದಲ್ಲಿರಿಸಿದೆ ಎಂಬುದನ್ನು ಅಂಕಿಗಳಿಂದಲ್ಲ, ಬಳಕೆಯಿಂದ ತಿಳಿಯಬೇಕು. ಇಂತಹ ಬಳಕೆಯ ಕುರುಹುಗಳಲ್ಲಿ ನಾಲ್ಕು ಮುಖ್ಯವಾದವು.

ಮೊದಲನೆಯದು ರಂಗದ ಬಳಕೆ. ಉತ್ತರ ಕರ್ನಾಟಕದಲ್ಲಿ ವೃತ್ತಿನಾಟಕ ಮತ್ತು ಹಳ್ಳಿಯ ಹವ್ಯಾಸಿ ನಾಟಕಗಳು ಚಲನಚಿತ್ರದೊಡನೆ ನಿರಂತರ ಕೊಡುಕೊಳೆ ನಡೆಸಿವೆ. ಹಳೆಯ ಬಿಜಾಪುರ ಜಿಲ್ಲೆಗೆ ಸೇರಿದ್ದ ಇಳಕಲ್ಲಿನ ನಾಟಕಕಾರ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ ನಾಟಕವು 1974ರಲ್ಲಿ ಎ.ವಿ. ಶೇಷಗಿರಿರಾವ್ ಅವರ ನಿರ್ದೇಶನದಲ್ಲಿ, ರಾಜಕುಮಾರ್ ಮತ್ತು ಮಂಜುಳಾ ಅವರ ಅಭಿನಯದಲ್ಲಿ ಚಲನಚಿತ್ರವಾಯಿತು. ಹಣದ ಸೊಕ್ಕಿಗೆ ಹಳ್ಳಿಯ ದುಡಿಮೆಗಾರ ಒಡ್ಡುವ ಸವಾಲು ಅದರ ವಸ್ತು. ಈ ಭಾಗದ ಪ್ರೇಕ್ಷಕನಿಗೆ ಆ ಚಿತ್ರ ಹೊರಗಿನಿಂದ ಬಂದದ್ದಲ್ಲ. ತನ್ನ ಸೀಮೆಯ ರಂಗದಿಂದ ಹೋಗಿ, ಪರದೆಯ ಮೇಲೆ ಮರಳಿ ಬಂದದ್ದು. ಇದಕ್ಕೂ ಹಿಂದೆ ‘ಬೇಡರ ಕಣ್ಣಪ್ಪ’ (1954) ಗುಬ್ಬಿ ಕಂಪನಿಯ ರಂಗದಿಂದ ಪರದೆಗೆ ಬಂದಿತ್ತು. ನಾಟಕವಾಗಿ ಆಡಲು ಬರುವ ಚಿತ್ರವೇ ಗಟ್ಟಿ ಚಿತ್ರ ಎಂಬ ತಿಳಿವಳಿಕೆ ಇಲ್ಲಿ ಕೆಲಸ ಮಾಡುತ್ತದೆ.

ಎರಡನೆಯದು ಧಾಟಿಯ ಬಳಕೆ. ಭಜನೆಯ ಪದ, ಡೊಳ್ಳಿನ ಹಾಡು, ಗೀಗೀ ಪದಗಳಿಗೆ ಚಿತ್ರಗೀತೆಯ ಧಾಟಿಯನ್ನು ಎರವಲು ಪಡೆಯುವುದು ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಚಿತ್ರದ ಹೆಸರು ಮರೆತುಹೋದರೂ ಧಾಟಿ ಉಳಿಯುತ್ತದೆ. ಇದನ್ನು ಕೇವಲ ಅನುಕರಣೆಯೆಂದು ತಳ್ಳಿಹಾಕುವುದು ಸರಿಯಲ್ಲ. ಯಾವ ಧಾಟಿ ದೇವರ ಮುಂದೆ ಹಾಡಲು ಯೋಗ್ಯ ಎಂಬ ಆಯ್ಕೆಯಲ್ಲಿ ಒಂದು ಮೌಲ್ಯನಿರ್ಣಯವಿದೆ.

ಮೂರನೆಯದು ಮಾತಿನ ಬಳಕೆ. ‘ಶೋಲೆ’ಯ ಸಂಭಾಷಣೆಗಳು ಧ್ವನಿಮುದ್ರಿಕೆಯಾಗಿ ಪ್ರತ್ಯೇಕವಾಗಿ ಮಾರಾಟವಾದದ್ದು ಸರ್ವವಿದಿತ. ಸಂತೆಯಲ್ಲಿ, ಪಂಚಾಯಿತಿಯಲ್ಲಿ, ಬೀಗರ ಹರಟೆಯಲ್ಲಿ ಚಿತ್ರದ ಮಾತು ಗಾದೆಯ ಕೆಲಸ ಮಾಡತೊಡಗಿದಾಗ ಆ ಚಿತ್ರವು ಲೋಕೋಕ್ತಿಯ ಅಂತಸ್ತಿಗೆ ಏರಿದಂತೆ.

ನಾಲ್ಕನೆಯದು ಬದುಕಿನ ಬಳಕೆ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ (1972) ಚಿತ್ರವನ್ನು ನೋಡಿ ಪೇಟೆಯಿಂದ ಹಳ್ಳಿಗೆ ಮರಳಿದವರ ಮಾತು ಕರ್ನಾಟಕದಾದ್ಯಂತ ಪ್ರಚಲಿತವಾಗಿದೆ. ಬರಡು ನೆಲವನ್ನು ಹಸನು ಮಾಡುವ ರಾಜೀವನ ಕಥೆಗೆ ಮಳೆಯ ಅಭಾವವನ್ನು ಮತ್ತೆ ಮತ್ತೆ ಕಂಡ ವಿಜಯಪುರದ ಒಕ್ಕಲುತನದಲ್ಲಿ ಬೇರೆಯೇ ತೂಕ ಬರುತ್ತದೆ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನು ನೀರಿಗಾಗಿ ಪಡುವ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇವುಗಳ ಜೊತೆಗೆ ಭಕ್ತಿಯ ಅಂಶವನ್ನೂ ಪರಿಗಣಿಸಬೇಕು. ಬಸವನ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ಹೊನ್ನಪ್ಪ ಭಾಗವತರು ಬಸವಣ್ಣನಾಗಿ ಅಭಿನಯಿಸಿದ ‘ಜಗಜ್ಯೋತಿ ಬಸವೇಶ್ವರ’ (1959), ‘ಕ್ರಾಂತಿಯೋಗಿ ಬಸವಣ್ಣ’ (1983), ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ (1990) ಮೊದಲಾದ ಚಿತ್ರಗಳನ್ನು ಇಲ್ಲಿ ಉಳಿದ ಚಿತ್ರಗಳ ಸಾಲಿನಲ್ಲಿಟ್ಟು ತೂಗುವುದಿಲ್ಲ. ಪುರಾಣ-ಪ್ರವಚನ ಕೇಳುವ ಮನೋಧರ್ಮದಿಂದಲೇ ಅವುಗಳನ್ನು ನೋಡಲಾಗುತ್ತದೆ. ನಟನ ಸ್ಥಾನವೂ ಇದೇ ರೀತಿ ಚಿತ್ರದಾಚೆಯ ಸಂಗತಿಗಳಿಂದ ನಿರ್ಧಾರವಾಗುತ್ತದೆ. 1982ರ ಗೋಕಾಕ್ ಚಳವಳಿಯಲ್ಲಿ ರಾಜಕುಮಾರ್ ಅವರು ಪಾಲ್ಗೊಂಡದ್ದು ಅವರ ಹಿಂದಿನ ಚಿತ್ರಗಳ ಮೌಲ್ಯವನ್ನೂ ಹೆಚ್ಚಿಸಿತೆಂಬುದು ಗಮನಾರ್ಹ.

ಎಣಿಕೆಯ ಕ್ರಮ ಮತ್ತು ಅದರ ಪರಿಣಾಮ

ಮೆಚ್ಚುಗೆಯನ್ನು ಎಣಿಸುವ ಕ್ರಮ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಬಬಲೇಶ್ವರದ ಒಂದು ಕಟ್ಟೆಯ ಮೇಲೆ ಐವರು ಕುಳಿತು ‘ಅ’, ‘ಬ’, ‘ಕ’ ಎಂಬ ಮೂರು ಚಿತ್ರಗಳನ್ನು ತೂಗುತ್ತಾರೆಂದು ಭಾವಿಸೋಣ. ಮೂವರು ಅ, ಬ, ಕ ಎಂಬ ಕ್ರಮವನ್ನೂ ಇಬ್ಬರು ಬ, ಕ, ಅ ಎಂಬ ಕ್ರಮವನ್ನೂ ಹೇಳುತ್ತಾರೆ. ಮೊದಲ ಆಯ್ಕೆಯನ್ನಷ್ಟೇ ಎಣಿಸಿದರೆ ‘ಅ’ ಮೂರು ಮತಗಳಿಂದ ಗೆಲ್ಲುತ್ತದೆ. ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ ಕೊಟ್ಟರೆ ‘ಅ’ ಚಿತ್ರಕ್ಕೆ 11, ‘ಬ’ ಚಿತ್ರಕ್ಕೆ 12, ‘ಕ’ ಚಿತ್ರಕ್ಕೆ 7 ಅಂಕಗಳು ಬಂದು ‘ಬ’ ಗೆಲ್ಲುತ್ತದೆ. ‘ಬ’ ಚಿತ್ರವನ್ನು ಯಾರೂ ಕೊನೆಗೆ ತಳ್ಳಿಲ್ಲ ಎಂಬುದೇ ಇದಕ್ಕೆ ಕಾರಣ.

‘ಮನಿಮಂದಿಯೆಲ್ಲ ಕೂಡಿ ನೋಡುವಂಥಾ ಪಿಚ್ಚರ್’ ಎಂಬ ಈ ಭಾಗದ ರೂಢಿಯ ಮಾತು ಎರಡನೆಯ ಬಗೆಯ ಗೆಲುವನ್ನೇ ಸೂಚಿಸುತ್ತದೆ. ಕೆಲವರು ಬಹಳವಾಗಿ ಮೆಚ್ಚಿದ್ದಕ್ಕಿಂತ ಯಾರೂ ಒಲ್ಲೆನೆನ್ನದ್ದು ಹೆಚ್ಚು ಎಂಬ ಈ ತತ್ತ್ವವು ಊರೊಟ್ಟಿನ ತೀರ್ಮಾನದ ತತ್ತ್ವವೂ ಹೌದು. ಆದರೆ ಇದರಲ್ಲಿ ಒಂದು ಇಕ್ಕಟ್ಟಿದೆ. ಯಾರಿಗೂ ಬೇಸರ ತರದ ಚಿತ್ರ ಮೇಲೇರಿದಾಗ, ಊರನ್ನು ಪ್ರಶ್ನಿಸುವ ಚಿತ್ರ ಕೆಳಗಿಳಿಯುತ್ತದೆ. ವಿಧವೆಯ ಬಹಿಷ್ಕಾರವನ್ನು ಕುರಿತ ‘ಘಟಶ್ರಾದ್ಧ’, ಅಸ್ಪೃಶ್ಯತೆಯನ್ನು ಕುರಿತ ‘ಚೋಮನ ದುಡಿ’ (1975) ಇಂತಹ ಎಣಿಕೆಯಲ್ಲಿ ಸುಲಭವಾಗಿ ಮೇಲೆ ಬರಲಾರವು. ಜನಪದ ನಿರ್ಣಯವನ್ನು ಗೌರವಿಸುವುದೆಂದರೆ ಅದರ ಮಿತಿಯನ್ನು ಮರೆಮಾಚುವುದಲ್ಲ.

ಮತದಾರರು ಯಾರು ಎಂಬುದು ಇನ್ನೊಂದು ಪ್ರಶ್ನೆ. ‘ಸೈಟ್ ಅಂಡ್ ಸೌಂಡ್’ ಪಟ್ಟಿಯಲ್ಲಿ 1952ರಲ್ಲಿ ‘ಬೈಸಿಕಲ್ ಥೀವ್ಸ್’, 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೋ’ ಮೊದಲ ಸ್ಥಾನದಲ್ಲಿದ್ದವು. ಮತದಾರರ ಸಂಖ್ಯೆ 1,600ನ್ನು ಮೀರಿ ವಿಸ್ತಾರಗೊಂಡ 2022ರಲ್ಲಿ ಮಹಿಳೆಯೊಬ್ಬರು ನಿರ್ದೇಶಿಸಿದ ಚಿತ್ರ, ಶಾಂತಾಲ್ ಆಕೆರ್ಮನ್ ಅವರ ‘ಜೀನ್ ದೀಲ್ಮಾನ್’ (1975), ಮೊದಲ ಬಾರಿಗೆ ಆ ಸ್ಥಾನಕ್ಕೆ ಬಂತು. ಚಿತ್ರ ಹಳೆಯದೇ; ಬದಲಾದವರು ಕೇಳಲ್ಪಟ್ಟವರು. ವಿಜಯಪುರ ಪರಿಸರದಲ್ಲಿಯೂ ಕಟ್ಟೆಯ ವಾದದಲ್ಲಿ ಕೇಳಿಬರುವುದು ಹೆಚ್ಚಾಗಿ ಗಂಡಸರ ದನಿ. ತಂಬುವಿನ ಟಾಕೀಜಿನಲ್ಲಿ ಹೆಂಗಸರಿಗೆ ಬೇರೆ ಜಾಗವಿತ್ತು; ಅವರ ವಿಮರ್ಶೆ ಅಡುಗೆಮನೆಯಲ್ಲಿ, ಹೊಲದ ಕಳೆಯ ಸಾಲಿನಲ್ಲಿ ನಡೆಯಿತು. ಬೀಸುವ ಕಲ್ಲಿನ ಪದಗಳನ್ನು ಕೇಳಿಸಿಕೊಂಡ ಜಾನಪದ ಅಧ್ಯಯನವು ಈ ದನಿಯನ್ನು ಅಷ್ಟೇ ಶ್ರದ್ಧೆಯಿಂದ ಆಲಿಸಿದಂತಿಲ್ಲ.

ದಾಖಲಾತಿಯ ಅಗತ್ಯ

‘ಸತಿ ಸುಲೋಚನ’ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಯಾವ ಪಟ್ಟಿಯಲ್ಲಿಯೂ ಅದು ಬರಲಾರದು. ಕಾರಣ ಅದರ ಗುಣವಲ್ಲ, ಅದರ ಅಳಿವು. ಪ್ರೇಕ್ಷಕನ ನೆನಪಿಗೂ ಇದೇ ಗತಿ ಒದಗಬಹುದು. ಸಂಚಾರಿ ತಂಬುಗಳ ಕಾಲದ ಪ್ರೇಕ್ಷಕರು ಈಗ ಇಳಿವಯಸ್ಸಿನಲ್ಲಿದ್ದಾರೆ. ಚಿತ್ರ ನೋಡುವಿಕೆ ಗುಂಪಿನಿಂದ ಮನೆಗೆ, ಮನೆಯಿಂದ ಅಂಗೈಯ ಪರದೆಗೆ ಸರಿದಿರುವುದರಿಂದ ಸಭೆಯ ಮುಂದೆ ವಾದಿಸುವ ಸಂದರ್ಭವೂ ಕಡಿಮೆಯಾಗುತ್ತಿದೆ.

ಇಂತಹ ದಾಖಲಾತಿಯಲ್ಲಿ ಬರಿಯ ಹೆಸರುಗಳ ಪಟ್ಟಿ ಸಾಲದು. ವಕ್ತೃವಿನ ವಯಸ್ಸು, ಕಸುಬು, ಮನೆಮಾತು, ಚಿತ್ರವನ್ನು ಎಲ್ಲಿ, ಯಾರೊಡನೆ, ಎಷ್ಟು ಸಲ ನೋಡಿದರೆಂಬ ವಿವರ, ಮೆಚ್ಚಲು ಕೊಡುವ ಕಾರಣ ಅವರದೇ ಆಡುನುಡಿಯಲ್ಲಿ, ಎದುರಾಳಿಯ ಆಕ್ಷೇಪ, ಇವೆಲ್ಲವೂ ಇರಬೇಕು. ಮೊದಲ ಆಯ್ಕೆಯನ್ನೂ ಪೂರ್ಣ ಕ್ರಮವನ್ನೂ ಬೇರೆ ಬೇರೆಯಾಗಿ ಬರೆದುಕೊಂಡರೆ ಮುಂದಿನ ಸಂಶೋಧಕರು ತಮಗೆ ಸೂಕ್ತವಾದ ಎಣಿಕೆಯನ್ನು ಮಾಡಿಕೊಳ್ಳಬಹುದು. ಕನ್ನಡ, ಹಿಂದಿ, ಮರಾಠಿ ಚಿತ್ರಗಳನ್ನು ಬೇರ್ಪಡಿಸದೆ ಕೇಳಬೇಕು. ರಂ.ಶಾ. ಲೋಕಾಪುರ ಅವರ ಕಾದಂಬರಿಯನ್ನು ಆಧರಿಸಿ ರಾಷ್ಟ್ರಪ್ರಶಸ್ತಿ ಪಡೆದ ‘ತಾಯಿ ಸಾಹೇಬ’ (1997) ಉತ್ತರ ಕರ್ನಾಟಕದ ಬದುಕನ್ನೇ ಚಿತ್ರಿಸುತ್ತದೆ. ಅಂತಹ ಚಿತ್ರವನ್ನು ಇಲ್ಲಿಯ ಹಳ್ಳಿಗಳಲ್ಲಿ ತೋರಿಸಿ, ನಂತರದ ಮಾತುಕತೆಯನ್ನು ದಾಖಲಿಸಿದರೆ ಪ್ರಶಸ್ತಿಯ ಮೌಲ್ಯಕ್ಕೂ ಊರಿನ ಮೌಲ್ಯಕ್ಕೂ ಇರುವ ಅಂತರ ಎಷ್ಟು ಎಂಬುದು ಊಹೆಯಿಂದಲ್ಲದೆ ಆಧಾರದಿಂದ ತಿಳಿಯುತ್ತದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಮತ್ತು ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯಗಳ ಅಧ್ಯಯನಕ್ಷೇತ್ರಕ್ಕೆ ಈ ಕಾರ್ಯ ಸಹಜವಾಗಿ ಸೇರುತ್ತದೆ.

ಸಮಾರೋಪ

ಒಟ್ಟಿನಲ್ಲಿ, ಚಲನಚಿತ್ರಗಳ ಶ್ರೇಣೀಕರಣವು ಚಿತ್ರಗಳಿಗಿಂತ ಹೆಚ್ಚಾಗಿ ಶ್ರೇಣಿ ಕೊಡುವ ಸಮುದಾಯವನ್ನು ಪರಿಚಯಿಸುತ್ತದೆ. ವಿಜಯಪುರ ಪರಿಸರದಲ್ಲಿ ಆ ನಿರ್ಣಯವು ಗೀಗೀ ಮೇಳದ ವಾದಕ್ರಮ, ಕಂಪನಿ ನಾಟಕದ ಸಂಸ್ಕಾರ, ಶರಣರ ಭಕ್ತಿ ಮತ್ತು ಗಡಿಭಾಗದ ಬಹುಭಾಷಿಕತೆಗಳಿಂದ ರೂಪುಗೊಂಡಿದೆ. ವಿಮರ್ಶಕರ ಪಟ್ಟಿಯನ್ನು ಇದರಿಂದ ಬದಲಿಸಬೇಕಾಗಿಲ್ಲ. ಇದನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಹಾಗೆ ಓದಲು ಬೇಕಾದ ಸಾಮಗ್ರಿಯು ಸದ್ಯಕ್ಕೆ ಹಿರಿಯರ ನಾಲಗೆಯ ಮೇಲಿದೆ. ಅದನ್ನು ಸಂಗ್ರಹಿಸದೆ ಬರೆಯುವ ಕನ್ನಡ ಚಲನಚಿತ್ರದ ಚರಿತ್ರೆಯು ನಿರ್ಮಾಪಕರ ಮತ್ತು ವಿಮರ್ಶಕರ ಚರಿತ್ರೆಯಾಗಿ ಮಾತ್ರ ಉಳಿಯುತ್ತದೆ.