ಬೀಜದ ಟಗರೇ ಬಿಕರಿಯಾದರೆ ಬಂಡೂರು ತಳಿ ಉಳಿದೀತೇ?

‘ಇಲ್ಲಿ ಬನ್ನೂರು ಕುರಿ ಮಾಂಸ ದೊರೆಯುತ್ತದೆ’ ಎಂಬ ಬೋರ್ಡು ಮೈಸೂರು, ಮಂಡ್ಯ, ಬೆಂಗಳೂರಿನ ಬೀದಿಗಳಲ್ಲಿ ಯಾರಿಗೆ ಹೊಸದು? ಬೋರ್ಡು ನೋಡಿ ಬಾಯಲ್ಲಿ ನೀರೂರಿಸಿಕೊಳ್ಳುವವರಿಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ. ಈ ತಳಿಯ ಅಳಿವು ಉಳಿವು ನಿಂತಿರುವುದು ಕೊಟ್ಟಿಗೆ ಮೂಲೆಯ ಒಂದೇ ಒಂದು ಟಗರಿನ ಮೇಲೆ!

ತಳಿಯ ತವರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬಂಡೂರು. ನೆರೆಯ ಮೈಸೂರು ಜಿಲ್ಲೆಯ ಬನ್ನೂರಿನ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಕಾಲು ಗಿಡ್ಡ, ಮೈ ದುಂಡು, ಕಿವಿ ಜೋತು. ಟಗರಿಗೂ ಕೊಂಬಿಲ್ಲ. ಹಿಂದಿನಿಂದ ನೋಡಿದರೆ ಕುದುರೆ ಲಾಳದ ಆಕಾರ. ಕೊಬ್ಬು ಮಾಂಸದ ಎಳೆಯೊಳಗೇ ಬೆರೆತಿರುವುದರಿಂದ ಆ ರುಚಿ.

ಲೆಕ್ಕ ಸರಳ. ಒಂದು ಕುರಿ ಐದು ತಿಂಗಳು ಗಬ್ಬ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಇಪ್ಪತ್ತೈದು ಕುರಿಗೆ ಟಗರು ಒಂದೇ ಸಾಕು. ಹುಟ್ಟುವ ಇಪ್ಪತ್ತೈದು ಮರಿಗೂ ಅಪ್ಪ ಅದೇ. ಅಂದಮೇಲೆ ಟಗರು ಕೆಟ್ಟರೆ ಮಂದೆಯೇ ಕೆಟ್ಟಿತು. ಹಸುವಿಗೆ ಕೊಟ್ಟ ಹಾಗೆ ಕುರಿಗೂ ಇಂಜೆಕ್ಷನ್ ಕೊಡಿಸಿದರಾಯ್ತು ಅನ್ನುವಂತಿಲ್ಲ. ಕುರಿಯ ಗರ್ಭದ ಬಾಯಿ ಕಿರಿದು, ಸುತ್ತು ಸುತ್ತು. ಹೆಪ್ಪುಗಟ್ಟಿಸಿಟ್ಟ ವೀರ್ಯ ಅಲ್ಲಿ ಸುಲಭಕ್ಕೆ ನಾಟುವುದಿಲ್ಲ. ಕಣ್ಣೆದುರು ಟಗರು ಇರಲೇಬೇಕು.

ಇರಬೇಕಾದ್ದೇ ಮೊದಲು ಹೋಗುತ್ತದೆ! ಬಕ್ರೀದ್ ಹತ್ತಿರ ಬಂತೆಂದರೆ ವ್ಯಾಪಾರಿ ಬೆನ್ನು ಸವರಿ ನೋಡುವುದು ಮಂದೆಯ ಒಳ್ಳೇ ಟಗರನ್ನೇ. ಮಗಳ ಮದುವೆ, ಮಗನ ಫೀಜು, ಸಾಲ ತಲೆ ಮೇಲಿರುವವನು ಎಷ್ಟು ಅಂತ ತಡೆದಾನು? ‘ತಗೊಂಡ್ಹೋಗಣ್ಣ’ ಅನ್ನುತ್ತಾನೆ. ಕೊಟ್ಟಿಗೆಯಲ್ಲಿ ಉಳಿಯುವುದು ಗಿರಾಕಿ ಬೇಡವೆಂದು ಬಿಟ್ಟುಹೋದದ್ದು. ಮುಂದಿನ ಮರಿಗಳಿಗೆ ಅದೇ ಅಪ್ಪ!

ಇನ್ನು ಕೆಲವರು ತೂಕದ ಆಸೆಗೆ ಉದ್ದ ಕಾಲಿನ ಬೇರೆ ತಳಿಯ ಟಗರು ಬಿಡುತ್ತಾರೆ. ಮರಿ ಎತ್ತರವಾಗುತ್ತದೆ, ಲಾಳದ ಆಕಾರ ಮಾಯವಾಗುತ್ತದೆ. ಮತ್ತೆ ಕೆಲವರು ಒಂದೇ ಟಗರನ್ನು ವರ್ಷಗಟ್ಟಲೆ ಇಟ್ಟುಕೊಂಡು ಅದರ ಮಗಳಿಗೇ ಬಿಡುತ್ತಾರೆ. ರಕ್ತಸಂಬಂಧದಿಂದ ಮರಿ ಸೊರಗುತ್ತದೆ, ಸಾವು ಹೆಚ್ಚುತ್ತದೆ.

ದಾರಿ ಇಲ್ಲವೆಂದಲ್ಲ. ಒಂದೂವರೆ ವರ್ಷ ತುಂಬಿದ ಲಕ್ಷಣವಾದ ಟಗರನ್ನು ಆರಿಸಿ, ಹುರುಳಿ ತಿನ್ನಿಸಿ ಗಟ್ಟಿ ಮಾಡಿ, ಎರಡು ವರ್ಷ ಬಿಡಬೇಕು. ಅದರ ಹೆಣ್ಣುಮರಿಗಳು ಬೆದೆಗೆ ಬರುವ ಹೊತ್ತಿಗೆ ಬೇರೂರಿನ, ಬೇರೆ ರಕ್ತದ ಬಂಡೂರು ಟಗರಿನೊಂದಿಗೆ ಬದಲಾಯಿಸಿಕೊಳ್ಳಬೇಕು. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವೂ ಇದೆ. ಆದರೆ ಹತ್ತಿಪ್ಪತ್ತು ಕುರಿಯ ಬಡವ ಟಗರನ್ನು ಎರಡು ವರ್ಷ ಮಾರದೆ ಇಟ್ಟುಕೊಂಡರೆ ಆಗುವ ನಷ್ಟಕ್ಕೆ ಯಾರಾದರೂ ಹೆಗಲು ಕೊಡಬೇಡವೇ? ಊರಿನ ನಾಲ್ಕು ಮನೆ ಸೇರಿ ಒಂದು ಟಗರು ಸಾಕಿದರೂ ಸಾಕು.

ಗಿರಾಕಿ ಒಳ್ಳೇ ರೇಟು ಹೇಳಿದನೆಂದು ಯಾವ ಅಂಗಡಿಯವನೂ ತಕ್ಕಡಿಯನ್ನೇ ಮಾರುವುದಿಲ್ಲ. ಮಾರಿದರೆ ನಾಳೆ ತೂಗುವುದು ಯಾವುದರಲ್ಲಿ?