ಆಂಟಿಪಡೀಸ್: ನಮ್ಮ ಕಾಲಿನ ನೇರ ಕೆಳಗೆ ಯಾರಿದ್ದಾರೆ?

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳನ್ನು ಬ್ರಿಟಿಷರು ‘ಆಂಟಿಪಡೀಸ್’ ಎನ್ನುವುದನ್ನು ನೀವು ಓದಿರಬಹುದು. ಸ್ಪೆಲ್ಲಿಂಗ್ ನೋಡಿ ‘ಆಂಟಿಪೋಡ್ಸ್’ ಎನ್ನಬೇಡಿ. ಭೂಮಿಯ ಮೇಲೆ ಒಂದು ಜಾಗಕ್ಕೆ ನೇರ ಎದುರು, ಆಚೆ ಬದಿಯಲ್ಲಿರುವ ಜಾಗ ಎಂದು ಇದರರ್ಥ. ಸ್ವಭಾವ, ಅಭಿಪ್ರಾಯಗಳಲ್ಲಿ ತೀರಾ ತದ್ವಿರುದ್ಧವಾದದ್ದಕ್ಕೂ ಈಗ ಇದೇ ಪದ.

ಮೂಲ ಗ್ರೀಕ್. ‘ಆಂಟಿ’ ಅಂದರೆ ಎದುರು, ‘ಪೂಸ್’ ಅಂದರೆ ಪಾದ. ನಮ್ಮ ಪಾದಕ್ಕೆ ಎದುರು ಪಾದವಿಟ್ಟು ನಿಂತವರು! ಇಂಗ್ಲಿಷಿನಲ್ಲೂ ಮೊದಲು ಇದು ಜನರ ಹೆಸರು, ಆಮೇಲೆ ಜಾಗದ್ದಾಯಿತು.

ತಲೆಕೆಳಗಾಗಿ ನಿಂತವರು ಬೀಳುವುದಿಲ್ಲವೇ? ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ನೀರಿನ ದಂಡೆಯಲ್ಲಿ ನಿಂತವನ ಪ್ರತಿಬಿಂಬದಂತೆ ಅವರು ಕಾಣಬಹುದು, ಆದರೆ ನಾವು ಇಲ್ಲಿರುವಷ್ಟೇ ನಿಶ್ಚಿಂತೆಯಿಂದ ಅವರೂ ಅಲ್ಲಿದ್ದಾರೆ ಎಂದು.

ನಿಮ್ಮ ಮನೆಯ ಎದುರು ಬಿಂದು ಹುಡುಕಲು ಖರ್ಚೇನಿಲ್ಲ, ಶಾಲೆಯ ಅಟ್ಲಾಸ್ ಅಥವಾ ಫೋನಿನ ಮ್ಯಾಪ್ ಸಾಕು. ಮ್ಯಾಪಿನಲ್ಲಿ ಮನೆಯ ಮೇಲೆ ಬೆರಳು ಒತ್ತಿಹಿಡಿಯಿರಿ. ಎರಡು ಸಂಖ್ಯೆ ಸಿಗುತ್ತವೆ. ಮೊದಲನೆಯದು ಲ್ಯಾಟಿಟ್ಯೂಡ್, ಅಂದರೆ ಅಕ್ಷಾಂಶ. ಅಂಕಿ ಹಾಗೇ ಇರಲಿ, ಉತ್ತರವನ್ನು ದಕ್ಷಿಣ ಮಾಡಿ. ಎರಡನೆಯದು ಲಾಂಗಿಟ್ಯೂಡ್, ಅಂದರೆ ರೇಖಾಂಶ. ಅದನ್ನು 180ರಿಂದ ಕಳೆದು, ಪೂರ್ವವನ್ನು ಪಶ್ಚಿಮ ಮಾಡಿ. ಬೆಂಗಳೂರು 12.97 ಉತ್ತರ, 77.59 ಪೂರ್ವ. ಅದರ ಎದುರು 12.97 ದಕ್ಷಿಣ, 102.41 ಪಶ್ಚಿಮ. ಮ್ಯಾಪಿನಲ್ಲಿ ಹುಡುಕುವಾಗ ಎರಡು ಸಂಖ್ಯೆಗೂ ಮೈನಸ್ ಚಿಹ್ನೆ ಹಾಕಿ. ಬರೀ ನೀಲಿ ಕಾಣುತ್ತದೆ: ಪೆರು ದೇಶದ ಪಶ್ಚಿಮಕ್ಕೆ 2,500 ಕಿ.ಮೀ.ಗೂ ಆಚೆಗಿನ ಪೆಸಿಫಿಕ್ ಸಾಗರ.

ಹಾಗಾದರೆ ಕೆಳಗಿರುವುದು ಅಮೆರಿಕ ಅಲ್ಲವೇ? ಅಲ್ಲ. ಅಲ್ಲಿರುವ ಮಗಳಿಗೆ ಫೋನ್ ಮಾಡಿದಾಗ ಹಗಲು ರಾತ್ರಿ ಅದಲುಬದಲಾಗಿರುತ್ತದೆ, ನಿಜ. ಆದರೆ ನಮಗೆ ಚಳಿಗಾಲವಾದಾಗ ಅವಳಿಗೂ ಚಳಿಗಾಲವೇ, ಏಕೆಂದರೆ ಇಬ್ಬರೂ ಉತ್ತರಾರ್ಧಗೋಳದವರು. ನಿಜವಾದ ಎದುರು ಜಾಗದಲ್ಲಿ ಗಡಿಯಾರವೂ ಋತುವೂ ಎರಡೂ ತಿರುಗಬೇಕು.

ಆಸ್ಟ್ರೇಲಿಯಾಕ್ಕೆ ‘ಆಂಟಿಪಡೀಸ್’ ಎಂಬ ಹೆಸರು ಬಂದಿದ್ದು ಲಂಡನ್ನಿನ ಲೆಕ್ಕದಿಂದ, ಅದೂ ಅಂದಾಜಿನದು. ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಆಂಟಿಪಡೀಸ್ ದ್ವೀಪಗಳನ್ನು 1800ರಲ್ಲಿ ಕಂಡ ಕ್ಯಾಪ್ಟನ್ ಹೆನ್ರಿ ವಾಟರ್‌ಹೌಸ್ ಹೆಚ್ಚು ಎಚ್ಚರದ ಮನುಷ್ಯ. ‘ಪೆನ್‌ಆಂಟಿಪಡೀಸ್’, ಅಂದರೆ ‘ಹೆಚ್ಚುಕಡಿಮೆ ಎದುರು’ ಎಂದು ಹೆಸರಿಟ್ಟ. ಗ್ರೀನಿಚ್ಚಿನ ಸರಿಯಾದ ಎದುರು ಬಿಂದು ಅಲ್ಲಿಂದ 200 ಕಿ.ಮೀ. ಚಿಲ್ಲರೆ ದೂರ.

ಬರೆಯುವಾಗ ಒಂದು ತೊಡಕಿದೆ. ಮೂಲ ಏಕವಚನ ‘ಆಂಟಿಪೂಸ್’. ಇಂಗ್ಲಿಷರು ಕೊನೆಯ ‘ಸ್’ ಬಹುವಚನದ್ದೆಂದು ಕತ್ತರಿಸಿ ‘ಆಂಟಿಪೋಡ್’ ಮಾಡಿಕೊಂಡರು. ಅದು ಈಗ ನಿಘಂಟಿನಲ್ಲಿದೆ, ಧೈರ್ಯವಾಗಿ ಬಳಸಿ. ವಿಶೇಷಣ ಬೇಕಿದ್ದರೆ ‘ಆಂಟಿಪಡಲ್’. ‘ಆಂಟಿಪಡೀಯನ್’ ಎಂದರೆ ಓದುವವರು ಸಾಮಾನ್ಯವಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಎಂದೇ ತಿಳಿಯುತ್ತಾರೆ.