ಡಬ್ಬದ ಮೇಲೆ 8 ಜಿಬಿ, ಒಳಗೆ 4: ವರ್ಚುವಲ್ ರ‍್ಯಾಮ್ ಅಂದ್ರೆ ಏನು?

ಈ ವಾರದ ಪ್ರಶ್ನೆ ಬಂದಿರೋದು ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯಿಂದ. ಕೇಳುಗರೊಬ್ಬರು ಫೋನಲ್ಲೇ ಸ್ಕಾಲರ್‌ಶಿಪ್ ಅರ್ಜಿ ತುಂಬ್ತಾ ಇದ್ರು. ಅಂಕಪಟ್ಟಿ ಫೋಟೊ ತೆಗೆಯೋಕೆ ಕ್ಯಾಮೆರಾಗೆ ಹೋಗಿ ವಾಪಸ್ ಬಂದ್ರೆ, ಪೇಜ್ ಮತ್ತೆ ಲೋಡ್ ಆಗಿ ತುಂಬಿದ್ದೆಲ್ಲ ಖಾಲಿ! ಅವತ್ತು ಕೊನೇ ದಿನ ಬೇರೆ. ಫೋನಿನ ಡಬ್ಬದ ಮೇಲೆ 4 ಜಿಬಿ ರ‍್ಯಾಮ್, ಜೊತೆಗೆ 4 ಜಿಬಿ ವರ್ಚುವಲ್ ರ‍್ಯಾಮ್ ಅಂತ ಬರೆದಿದೆಯಂತೆ. ಹಾಗಾದ್ರೆ 8 ಜಿಬಿ ಎಲ್ಲಿಗೆ ಹೋಯ್ತು ಅನ್ನೋದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆನೇ.

ಅಂಗಡಿ ಮತ್ತು ಗೋಡೌನು

ನಾನು ಬಿ.ಕಾಂ. ಓದಿದವನು, ಅಂಗಡಿ ಲೆಕ್ಕದಲ್ಲೇ ಹೇಳ್ತೀನಿ. ಕಿಕ್ಕೇರಿಯಲ್ಲಿ ಒಂದು ದಿನಸಿ ಅಂಗಡಿ ಇದೆ ಅಂದ್ಕೊಳ್ಳಿ. ಕೈಗೆ ಎಟುಕೋ ಶೆಲ್ಫು ಚಿಕ್ಕದು. ಗೋಡೌನು ದೊಡ್ಡದು, ಬಾಡಿಗೆನೂ ಕಮ್ಮಿ, ಆದ್ರೆ ಇರೋದು ಕೆ.ಆರ್.ಪೇಟೆಯಲ್ಲಿ. ಶೆಲ್ಫು ಅಂದ್ರೆ ರ‍್ಯಾಮ್. ಗೋಡೌನು ಅಂದ್ರೆ ಸ್ಟೋರೇಜ್, ಅಂದ್ರೆ 64 ಜಿಬಿ, 128 ಜಿಬಿ ಅಂತೀವಲ್ಲ, ಅದು.

ಫೋನಿನ ಸ್ಟೋರೇಜ್‌ನಿಂದ ಒಂದು ಚೂರು ಮಾಹಿತಿ ತರೋದು ರ‍್ಯಾಮ್‌ನಿಂದ ತರೋದಕ್ಕಿಂತ ಸುಮಾರು ಸಾವಿರ ಪಟ್ಟು ನಿಧಾನ. ಶೆಲ್ಫಿಂದ ಸೋಪು ತೆಗೆಯೋಕೆ ಒಂದು ಸೆಕೆಂಡ್ ಅಂದ್ರೆ, ಗೋಡೌನಿಂದ ತರೋಕೆ 16-17 ನಿಮಿಷ. ಬೈಕ್ ಹತ್ತಿ ಕೆ.ಆರ್.ಪೇಟೆಗೆ ಹೋಗೋಷ್ಟು ಹೊತ್ತು.

ಸ್ಟಾಕ್ ಬುಕ್ಕು

ಅಂಗಡೀಲಿ ಸ್ಟಾಕ್ ಬುಕ್ ಇರೋ ಹಾಗೆ ಫೋನಲ್ಲೂ ಒಂದು ಪಟ್ಟಿ ಇರುತ್ತೆ, ಹೆಸರು ಪೇಜ್ ಟೇಬಲ್. ಆಪರೇಟಿಂಗ್ ಸಿಸ್ಟಮ್ ಮೆಮೊರಿಯನ್ನ ಒಂದೇ ಅಳತೆಯ ಚಿಕ್ಕ ಚಿಕ್ಕ ಪುಟಗಳಾಗಿ ಮಾಡಿಕೊಳ್ಳುತ್ತೆ. ಸಾಮಾನ್ಯವಾಗಿ ಒಂದು ಪುಟ 4 ಕೆಬಿ. ಆ ಲೆಕ್ಕದಲ್ಲಿ 4 ಜಿಬಿ ರ‍್ಯಾಮ್ ಅಂದ್ರೆ 10,48,576 ಪುಟ.

ಮಜಾ ಇರೋದು ಇಲ್ಲಿ. ಪ್ರತಿ ಆ್ಯಪ್‌ಗೂ ಅದರದ್ದೇ ಬೇರೆ ಸ್ಟಾಕ್ ಬುಕ್. ಇಡೀ ಅಂಗಡಿ ನನ್ನದೇ ಅಂತ ಪ್ರತಿ ಆ್ಯಪ್ ನಂಬಿಕೊಂಡಿರುತ್ತೆ. ನಿಜವಾಗಿ ಯಾವ ಪುಟ ಎಲ್ಲಿದೆ ಅನ್ನೋದು ಸಿಸ್ಟಮ್‌ಗೆ ಮಾತ್ರ ಗೊತ್ತು. ಇದನ್ನೇ ವರ್ಚುವಲ್ ಮೆಮೊರಿ ಅನ್ನೋದು. ಬ್ಯಾಂಕ್ ಆ್ಯಪ್‌ನ ಪುಟಗಳು ಗೇಮ್ ಆ್ಯಪ್‌ನ ಬುಕ್ಕಲ್ಲಿ ಇರೋದೇ ಇಲ್ಲ, ಹಾಗಾಗಿ ಅದು ಸುಮ್ಸುಮ್ನೆ ಇಣುಕೋಕೂ ಆಗಲ್ಲ. ಇದೂ ದೊಡ್ಡ ಲಾಭ.

ಈ ಐಡಿಯಾ ಹಳೇದು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1962ರಲ್ಲಿ ಶುರುವಾದ ಅಟ್ಲಾಸ್ ಕಂಪ್ಯೂಟರ್ ಚಿಕ್ಕ ವೇಗದ ಮೆಮೊರಿ, ದೊಡ್ಡ ನಿಧಾನದ ಡ್ರಮ್ ಎರಡನ್ನೂ ಸೇರಿಸಿ ಒಂದೇ ಅನ್ನೋ ಹಾಗೆ ತೋರಿಸ್ತಿತ್ತು. ಅದಕ್ಕೂ ಮುಂಚೆ ಯಾವುದನ್ನ ಯಾವಾಗ ಒಳಗೆ ತರಬೇಕು ಅಂತ ಪ್ರೋಗ್ರಾಮ್ ಬರೆಯೋರೇ ತಲೆಕೆಡಿಸಿಕೊಳ್ಳಬೇಕಿತ್ತು.

ಶೆಲ್ಫು ತುಂಬಿದಾಗ

ಕಂಪ್ಯೂಟರ್ ಆದ್ರೆ ತುಂಬಾ ಹೊತ್ತಿಂದ ಮುಟ್ಟದ ಪುಟಗಳನ್ನ ಡಿಸ್ಕ್‌ಗೆ ಸಾಗಿಸುತ್ತೆ, ಬೇಕಾದಾಗ ವಾಪಸ್ ತರುತ್ತೆ. ಇದು ಮಿತಿಮೀರಿದ್ರೆ ಕಷ್ಟ. ಅಂಗಡಿ ಹುಡುಗ ಇಡೀ ದಿನ ಗೋಡೌನಿಗೆ ಓಡಾಡೋದೇ ಆಗುತ್ತೆ, ವ್ಯಾಪಾರ ಮಾತ್ರ ಸೊನ್ನೆ. ಇದಕ್ಕೆ ಥ್ರ್ಯಾಶಿಂಗ್ ಅಂತಾರೆ. ಪೀಟರ್ ಡೆನ್ನಿಂಗ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಇದರ ಕಾರಣವನ್ನ 1968ರಲ್ಲೇ ವಿವರಿಸಿದ್ರು.

ಆಂಡ್ರಾಯ್ಡ್ ಫೋನ್ ದಾರಿ ಸ್ವಲ್ಪ ಬೇರೆ. ಒಂದು, ಸ್ಟೋರೇಜ್‌ನಲ್ಲಿ ಹೇಗೂ ಕಾಪಿ ಇರೋ ಪುಟಗಳನ್ನ ಬಿಟ್ಟುಬಿಡುತ್ತೆ. ಎರಡು, ಕೆಲವನ್ನ ರ‍್ಯಾಮ್ ಒಳಗೇ ಕುಗ್ಗಿಸಿ ಇಡುತ್ತೆ. ಖಾಲಿ ಗೋಣಿಚೀಲ ಮಡಚಿ ಜೋಡಿಸಿದ ಹಾಗೆ. ಇದರ ಹೆಸರು ಝಡ್‌ರ‍್ಯಾಮ್. ಮೂರು, ಆಗಲೂ ಜಾಗ ಸಾಲದಿದ್ರೆ ಹಿಂದೆ ಇರೋ ಆ್ಯಪನ್ನೇ ಮುಚ್ಚಿಬಿಡುತ್ತೆ.

ನಮ್ಮ ಕೇಳುಗರಿಗೆ ಆಗಿರೋದು ಬಹುತೇಕ ಈ ಮೂರನೇದು. ಕ್ಯಾಮೆರಾಗೆ ತುಂಬಾ ಮೆಮೊರಿ ಬೇಕು. ಅದು ಬಂದ ತಕ್ಷಣ ಹಿಂದೆ ಇದ್ದ ಬ್ರೌಸರ್ ಹೊರಗೆ ಹೋಯ್ತು. ಟೈಪ್ ಮಾಡಿದ್ದು ಬರೀ ರ‍್ಯಾಮ್‌ನಲ್ಲಿತ್ತು, ಸೇವ್ ಆಗಿರಲಿಲ್ಲ. ಅದೂ ಜೊತೆಗೇ ಹೋಯ್ತು.

ಹಾಗಾದ್ರೆ ಆ ಇನ್ನೊಂದು 4 ಜಿಬಿ?

ಅದು ನಿಮ್ಮ ಸ್ಟೋರೇಜಿಂದಲೇ ಎತ್ತಿಟ್ಟ ಜಾಗ. ಗೋಡೌನಿನ ಒಂದು ಮೂಲೆಗೆ "ಶೆಲ್ಫು" ಅಂತ ಬೋರ್ಡ್ ಹಾಕಿದ ಹಾಗೆ. ಪೂರ್ತಿ ಸುಳ್ಳಲ್ಲ, ಹಿಂದೆ ಇರೋ ಆ್ಯಪ್‌ಗಳು ಸ್ವಲ್ಪ ಜಾಸ್ತಿ ಹೊತ್ತು ಉಳಿಯಬಹುದು. ಆದ್ರೆ ಫೋನ್ 8 ಜಿಬಿ ಫೋನಿನ ಥರ ಓಡಲ್ಲ. ಸ್ಟೋರೇಜ್ ಅಷ್ಟು ಕಮ್ಮಿ ಆಗುತ್ತೆ, ಪದೇಪದೇ ಬರೆಯೋದ್ರಿಂದ ಅದು ಸವೆಯುತ್ತೆ ಕೂಡ. ಹಾಗಾಗಿ ಹೊಸ ಫೋನ್ ತಗೊಳ್ಳುವಾಗ ಕೂಡಿಸಿದ ಮೊತ್ತ ನೋಡ್ಬೇಡಿ, ಮೊದಲನೇ ಸಂಖ್ಯೆ ನೋಡಿ. 4+4ಗಿಂತ ನಿಜವಾದ 6 ಜಿಬಿ ವಾಸಿ.

ಇನ್ನೊಂದು ವಿಷಯ. ಅರ್ಧ ಗಂಟೆಗೊಂದ್ಸಲ ಎಲ್ಲಾ ಆ್ಯಪ್‌ಗಳನ್ನ ಸ್ವೈಪ್ ಮಾಡಿ ತೆಗೆಯೋ ಅಭ್ಯಾಸ ಇದ್ರೆ ಬಿಡಿ. ಖಾಲಿ ಶೆಲ್ಫಿಂದ ಲಾಭ ಇಲ್ಲ. ಮತ್ತೆ ತೆರೆದಾಗ ಎಲ್ಲಾ ಗೋಡೌನಿಂದಲೇ ಬರಬೇಕು. ಯಾವುದಾದ್ರೂ ಆ್ಯಪ್ ಹ್ಯಾಂಗ್ ಆದ್ರೆ ಅದನ್ನ ಮಾತ್ರ ತೆಗೀರಿ.

ಅರ್ಜಿ ತುಂಬೋ ದಿನ ಮಾತ್ರ ಉಲ್ಟಾ. ಶುರು ಮಾಡೋ ಮುಂಚೆ ಬೇರೆ ಆ್ಯಪ್‌ಗಳನ್ನ ಮುಚ್ಚಿ. ಅಂಕಪಟ್ಟಿ, ಆಧಾರ್, ಫೋಟೊ ಎಲ್ಲಾ ಮೊದಲೇ ತೆಗೆದು ಗ್ಯಾಲರಿಯಲ್ಲಿಡಿ. ಒಟಿಪಿಯನ್ನ ಮೇಲಿಂದ ಎಳೆಯೋ ನೋಟಿಫಿಕೇಶನ್‌ನಲ್ಲೇ ಓದಿ, ಮೆಸೇಜ್ ಆ್ಯಪ್‌ಗೆ ಹೋಗ್ಬೇಡಿ. ಅರ್ಜಿಯಲ್ಲಿ ಸೇವ್ ಬಟನ್ ಇದ್ರೆ ಪ್ರತಿ ಪುಟಕ್ಕೂ ಒತ್ತಿ.

ಕೊನೇ ದಿನದವರೆಗೂ ಕಾಯ್ಬೇಡಿ ಅಂತ ನಾನು ಹೇಳಲ್ಲ, ಮನೇಲಿ ಆಗಲೇ ಹೇಳಿರ್ತಾರೆ. ಮುಂದಿನ ವಾರ ಸಿಗೋಣ.